ತವರಿಗೆ ಹೊರಟ ಗೋಸುಂಬೆ

ದಸರೆ ಮುಗಿದ ವಾರ ಖಾನಾಪುರದಿಂದ ನನ್ನವ್ವ ಒಂದು ಹೊರೆ ಕರಿಬೇವು ಕಳಿಸಿದ್ದಳು. ಬೆಳಗಾವಿಯ ನಮ್ಮ ಅಡುಗೆಮನೆಯಲ್ಲಿ ಕಟ್ಟು ಬಿಚ್ಚಿದರೆ ಒಂದು ಎಲೆ ಕಣ್ಣು ತಿರುಗಿಸಿತು. ಗೋಸುಂಬೆ. ಕಿರುಚಿದವಳು ನಾನಲ್ಲ, ಅತ್ತೆ.

"ನಿನ್ನ ತವರಿಂದ ಬರೂದೆಲ್ಲಾ ಹಿಂಗ ನೋಡು. ಮಾತಿಲ್ಲ ಕತಿಯಿಲ್ಲ, ದುರುಗುಟ್ಟಿ ನೋಡೂದೊಂದ."

ಆ ಮಾತಿಗೇ ನನಗೆ ಹಟ ಬಂತು. ಕೆಳಗೆ ಬಿಡೋಣವೆಂದರೆ ಓಣಿ ತುಂಬ ನಾಯಿಗಳು. ಹಿಂದೆ ಹಾಲು ಬೆಣ್ಣೆ ಇಡುತ್ತಿದ್ದ ಜಾಳಿಗೆ ಕಪಾಟಿನಲ್ಲಿ ನಾಲ್ಕು ಟೊಂಗೆ ನಿಲ್ಲಿಸಿ ಅದನ್ನು ಸಾಕಿಕೊಂಡೆ.

ನಮ್ಮದು ಲಿಂಗಾಯತರ ಮನೆ. ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಹೀಗಾಗಿ ಅದಕ್ಕೆ ಸೌತೆಕಾಯಿ, ನೆನೆಸಿದ ಹೆಸರುಕಾಳು, ಕೊನೆಗೆ ಹಾಲನ್ನವನ್ನೂ ಇಟ್ಟೆ. ಮೂರು ದಿನವಾದರೂ ಮುಟ್ಟಲಿಲ್ಲ. "ಶೇಂಗಾ ಚಟ್ನಿ ಇಟ್ಟಿಲ್ಲಂತ ಸಿಟ್ಟಾಗೇತೇನ?" ಎಂದರು ಅತ್ತೆ. ಅದು ಹುಳ ಮಾತ್ರ ತಿನ್ನುತ್ತದೆಂದು ಮಗ ಫೋನಿನಲ್ಲಿ ನೋಡಿ ಹೇಳಿದಾಗ, ಇರುವೆ ಕಂಡರೆ ದಾಟಿ ಹೋಗುವ ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ನೋಡಿದರೆ ಕಪಾಟಿನ ಬಾಗಿಲು ತೆರೆದಿದೆ, ಒಳಗೆ ಕೊಳೆತ ಬಾಳೆಹಣ್ಣು, ಅದರ ತುಂಬ ನೊಣ. ಪಕ್ಕದಲ್ಲಿ ಅತ್ತೆ.

"ನಾ ಏನೂ ಕೊಂದಿಲ್ಲವಾ. ನೊಣಕ್ಕ ಬಾಳೆಹಣ್ಣ ಇಟ್ಟೀನಿ, ಅಷ್ಟ. ಮುಂದಿಂದು ಅವರವರ ಹಣೇಬರಹ."

ನಾಲಿಗೆ ಹಾರಿತು. ಒಂದು ನೊಣ ಕಡಿಮೆಯಾಯಿತು. ಅತ್ತೆ ಕೈ ಮುಗಿದರು, ಯಾರಿಗೋ ತಿಳಿಯಲಿಲ್ಲ.

ಒಂದು ವಾರ ಚೆನ್ನಾಗಿ ತಿಂದಿತು. ಆಮೇಲೆ ಮತ್ತೆ ಬಂದ್. ಹೊಟ್ಟೆ ಊದಿತು, ಮೈ ಕಪ್ಪಿಟ್ಟಿತು, ಟೊಂಗೆಯಿಂದಿಳಿದು ಕಪಾಟಿನ ಹಲಗೆಯನ್ನು ಕೆರೆಯತೊಡಗಿತು. ನನಗೆ ಹೆದರಿಕೆಯಾಯಿತು. ನಾನೂ ಅತ್ತೆಯೂ ದನದ ದವಾಖಾನೆಗೆ ಒಯ್ದೆವು.

"ಎಮ್ಮಿ ಆಗಿದ್ರ ಖಾತ್ರಿ ಹೇಳ್ತಿದ್ನಿ," ಎಂದರು ಡಾಕ್ಟರು. "ಹೊಟ್ಟ್ಯಾಗ ತತ್ತಿ ಇದ್ದಂಗ ಕಾಣ್ತೈತಿ. ಅಗಿಯಾಕ ಮಣ್ಣ ಸಿಗಲಿಲ್ಲಂದ್ರ ತತ್ತಿ ಒಳಗ ಉಳದು ಸಾಯ್ತೈತಿ. ಕಾಡಿನ ಜೀವ ಮನ್ಯಾಗ ಇಡಬಾರದ್ರಿ, ಎಲ್ಲಿಂದ ಬಂದೈತಿ ಅಲ್ಲೇ ಬಿಟ್ಟ ಬರ್ರಿ."

ತತ್ತಿ ಎಂದ ಕೂಡಲೇ ಅತ್ತೆ ಮೂಗು ಮುರಿಯುತ್ತಾರೆಂದುಕೊಂಡೆ. ಅವರು ಸೆರಗು ಸಿಕ್ಕಿಸಿ ಎದ್ದರು. "ಚೊಚ್ಚಲ ಇರಬೇಕು. ಬಾಣಂತನಾ ತವರಾಗ ಆಗಬೇಕು. ನಡೀರಿ ಖಾನಾಪುರಕ್ಕ."

ಚೊಚ್ಚಲವೆಂದು ಅವರಿಗೆ ಯಾರು ಹೇಳಿದ್ದರೋ! ನನ್ನವರು ಕಾರು ತೆಗೆದರು. ಅತ್ತೆ ರಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಪ್ರತಿ ತಗ್ಗಿಗೂ "ಸಾವಕಾಶ, ಬಸರಿ ಅದಾಳ" ಎನ್ನುತ್ತಿದ್ದರು. ಪೀರನವಾಡಿ ದಾಟುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು. ನನ್ನ ಚೊಚ್ಚಲಿಗೆ ಅವ್ವ ಹಸಿರು ಸೀರೆ ಹಿಡಿದು ಕರೆಯಲು ಬಂದಾಗ ಇದೇ ಅತ್ತೆ, "ಖಾನಾಪುರದಾಗ ಏನೈತಿ, ದೊಡ್ಡ ದವಾಖಾನಿ ಎಲ್ಲಾ ಇಲ್ಲೇ ಅದಾವ" ಎಂದು ವಾಪಸು ಕಳಿಸಿದ್ದರು. ಅವ್ವ ಒಬ್ಬಳೇ ಬಸ್ಸು ಹತ್ತಿದ್ದು ಇನ್ನೂ ನನ್ನ ಕಣ್ಣ ಮುಂದಿದೆ.

"ನನ್ನನ್ನ ಕಳಸಲಿಲ್ಲ. ಗೋಸುಂಬಿನ್ನ ಕಳಸಾಕತ್ತೀರಿ," ಎಂದೆ.

ನನ್ನವರು ಎಂದೂ ರಸ್ತೆ ಕಾಣದವರಂತೆ ರಸ್ತೆಯನ್ನೇ ನೋಡತೊಡಗಿದರು. ಅತ್ತೆ ಡಬ್ಬಿಯ ಮೇಲೆ ಕೈಯಿಟ್ಟರು.

"ಹೂಂ, ಕಳಸಲಿಲ್ಲ," ಎಂದರು. "ನಮ್ಮ ಮನಿ ಇನ್ನೂ ನಿನಗ ಹಿಡಿಸಿರಲಿಲ್ಲ. ಹೋದಕಿ ತಿರುಗಿ ಬರ್ತೀಯೋ ಇಲ್ಲೋ ಅಂತ ಹೆದರಿಕಿ ಆಗಿತ್ತ. ತಪ್ಪಾತವಾ."

ಇಷ್ಟು ವರ್ಷ ಜಗಳಕ್ಕೆಂದು ಕೂಡಿಟ್ಟ ಮಾತೆಲ್ಲ ನನಗೆ ಮರೆತೇಹೋಯಿತು.

ಅವ್ವನ ಹಿತ್ತಲಿನಲ್ಲಿ, ಕರಿಬೇವಿನ ಗಿಡದ ಬುಡದಲ್ಲಿ ಅದನ್ನು ಬಿಟ್ಟೆವು. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ ಇಟ್ಟು ಮಣ್ಣು ಕೆದರತೊಡಗಿತು. "ಹಡಿಯೂ ಹೊತ್ತಿನ್ಯಾಗ ನೋಡಬಾರದು" ಎಂದು ಅತ್ತೆ ನಮ್ಮೆಲ್ಲರನ್ನೂ ಒಳಗೆ ಅಟ್ಟಿದರು. ಸಂಜೆ ಹೋಗಿ ನೋಡಿದರೆ ಕುಣಿ ಮುಚ್ಚಿತ್ತು. ಹೊಟ್ಟೆ ಇಳಿದ ಗೋಸುಂಬೆ ಟೊಂಗೆ ಹತ್ತುತ್ತಿತ್ತು.

ಹೊರಡಲೆಂದು ನಾನು ಚಪ್ಪಲಿ ಮೆಟ್ಟಿದೆ. ಅತ್ತೆ ನನ್ನ ಕೈ ಹಿಡಿದು ಅವ್ವನ ಮುಂದೆ ನಿಲ್ಲಿಸಿದರು.

"ಇಕಿನ್ನ ಇಟ್ಗೊರ್ರಿ. ಆಗ ಕಳಸಲಿಲ್ಲ, ಈಗ ಕರಕೊಂಡ ಬಂದೀನಿ. ಎಣ್ಣಿ ಹಚ್ಚಿ ಎರೀರಿ."

"ಮಗಾ ಸಾಲ್ಯಾಗ ಆರನೇ ಇಯತ್ತೆ ಅದಾನಲ್ರಿ, ಈಗೇನು ಬಾಣಂತನ?" ಎಂದು ಅವ್ವ ನಕ್ಕಳು.

ಆದರೂ ಬೆಳಿಗ್ಗೆ ಎದ್ದು ಎಣ್ಣೆ ಕಾಯಿಸಿದಳು.