ಜಾಡಿಯ ಮುಂದೆ ಅರ್ಧ ತಾಸು

ಬೆಟಗೇರಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಬೆಳೆದ ನನಗೆ ಚೌಕಾಸಿ ಬಿಟ್ಟು ಬಾಳಲು ಬರುತ್ತಿರಲಿಲ್ಲ. ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ ಸೇರಿ ಆಪರೇಟರ್ ಲೈಸೆನ್ಸ್ ಪರೀಕ್ಷೆಗೆ ಓದುವಾಗಲೂ ಅದೇ ಚಟ. ಕೆಲಸ ಕಲಿಸುತ್ತಿದ್ದ ಮುಳಗುಂದದ ಹಿರಿಯರು, ಗಾಳಿ ಊದುವ ತೊಟ್ಟಿಯ ನೀರನ್ನು ಗಾಜಿನ ಜಾಡಿಗೆ ತುಂಬಿ, ಕೆಸರು ಎಷ್ಟು ಇಳಿಯುತ್ತದೆಂದು ನೋಡಲು ಅರ್ಧ ತಾಸು ಕಾಯಬೇಕೆಂದರು.

"ಹತ್ತು ನಿಮಿಷಕ್ಕ ಮುಗಸೂಣಲ್ರಿ, ಕಾಕಾ," ಎಂದೆ.

"ಲೇ, ಕೆಸರಿನ ಜೋಡಿ ಚೌಕಾಸಿ ನಡಿಯಂಗಿಲ್ಲ. ಸುಮ್ನ ಕುಂಡ್ರು!" ಎಂದು ನಕ್ಕರು.

ಹಾಗೆ ಕುಳಿತಾಗಲೇ ವಾಸನೆಯಿಂದ ತೊಟ್ಟಿಯ ಸ್ಥಿತಿ ತಿಳಿಯಲು ಕಲಿಸಿದರು: ಹಸಿಮಣ್ಣಿನ ವಾಸನೆಯಿದ್ದರೆ ಸರಿ, ಕೊಳೆತ ಮೊಟ್ಟೆಯಂತಾದರೆ ಗಾಳಿ ಸಾಲದು. ಪರೀಕ್ಷೆಗೆ ಓದುವವರೇ, ಪುಸ್ತಕದ ಜೊತೆ ಇಂಥವರೊಬ್ಬರನ್ನೂ ಹಿಡಿದುಕೊಳ್ಳಿ.

ನಾನು ಪಾಸಾದೆ. ಫಲಿತಾಂಶ ಬರುವ ಮೊದಲೇ ಕಾಕಾ ತೀರಿಕೊಂಡಿದ್ದರು. ಲೈಸೆನ್ಸನ್ನು ಮೊದಲು ಅವರಿಗೇ ತೋರಿಸಬೇಕೆಂದಿದ್ದೆ. ಈಗಲೂ ಯಾರಾದರೂ ಅದನ್ನು ತೋರಿಸು ಎಂದರೆ, ಕಾಕಾ ಕೇಳಬೇಕಿತ್ತು ಎನಿಸುತ್ತದೆ.