ಅವನು ಸಾಯುವಾಗ ಎದ್ದು ಹೋಗುತ್ತಿದ್ದವಳು

ಮೊನ್ನೆ ಸೊಸೆಯ ಹೊಲಿಗೆ ಮಷೀನಿಗೆ ಎಣ್ಣೆ ಬಿಡುತ್ತಿದ್ದೆ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂಡ್ಲಿಗಿಯ ನಮ್ಮ ಓಣಿಯ ಮಷೀನಕ್ಕ ಕಣ್ಮುಂದೆ ಬಂದು ನಿಂತಳು. ನಲವತ್ತು ವರ್ಷವಾಗುತ್ತ ಬಂದರೂ ಎದೆಯೊಳಗೆ ಅದೇ ಉರಿ. ನನ್ನದು ಸಣ್ಣ ಮನಸ್ಸು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಗೋಡೆಗೆ ಹತ್ತಿದ ಮನೆ ಆಕೆಯದು. ಗಂಡನಿಲ್ಲದ ಹೆಂಗಸು, ಜಂಪರು ಹೊಲಿದು ಬದುಕುತ್ತಿದ್ದಳು. ಒಬ್ಬ ಸಿನಿಮಾ ನಟನೆಂದರೆ ಪ್ರಾಣ. ದೇವರ ಪಟಗಳ ಸಾಲಿನಲ್ಲೇ ಅವನ ಫೋಟೊ! ಅವನ ಸಿನಿಮಾ ಊರಿಗೆ ಬರುವ ದಿನ ಉಪವಾಸ. ರೀಲಿನ ಡಬ್ಬಿ ಬಸ್ಸಿನಿಂದ ಇಳಿಯುವಾಗ ಎದುರು ಹೋಗಿ ಕಾಯಿ ಒಡೆಯುತ್ತಿದ್ದಳು. ಅವನಂತೆ ಕ್ರಾಪು ಬಿಟ್ಟ ಗಂಡಸರೆಲ್ಲ ಅಭಿಮಾನಿಗಳು, ಅಕ್ಕ ಮಾತ್ರ ಹುಚ್ಚಿ. "ನಾಚಿಕಿ ಬಿಟ್ಟಾಕಿ" ಎನ್ನುತ್ತಿದ್ದರು ನಮ್ಮತ್ತೆ. ನಾನೂ ಹೂಂಗುಟ್ಟುತ್ತಿದ್ದೆ. ಅದೇ ನಟನ ಚಿತ್ರವೊಂದು ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿತ್ತು... ಸಾಹುಕಾರರ ಮನೆಯ ಸೊಸೆ ನಾನು, ಗೋಡೆಗೆ ಹಚ್ಚುವ ಧೈರ್ಯ ಎಲ್ಲಿಂದ ಬರಬೇಕು?

ಮ್ಯಾಟಿನಿಗೆ ಮಾತ್ರ ಇಬ್ಬರೂ ಜೊತೆಗೆ ಹೋಗುತ್ತಿದ್ದೆವು. ಕಥೆಯಲ್ಲಿ ಅವನಿಗೆ ಗುಂಡು ತಗುಲಿತೋ, ಅಕ್ಕ ಎದ್ದುಬಿಡುತ್ತಿದ್ದಳು. "ಅವ ಸಾಯೂದು ನಾ ನೋಡಂಗಿಲ್ಲ. ಮುಗದ ಮ್ಯಾಲ ಕರಿಯವ್ವಾ." ಜನ ಸಿಳ್ಳೆ ಹೊಡೆದು ನಗುತ್ತಿದ್ದರು. ನಾನು ಕೂತಲ್ಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಇಷ್ಟು ಪ್ರೀತಿ ಮಾಡಲು ಇವಳಿಗೇ ಯಾಕೆ ಬರಬೇಕು, ನನಗ್ಯಾಕೆ ಬರುವುದಿಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆಕೆಗಿದ್ದದ್ದು ಒಂದೇ ಆಸೆ. "ಇಂಥಾಕಿ ಒಬ್ಬಾಕಿ ಇಲ್ಲಿ ಅದಾಳ ಅಂತ ಅವಗ ಗೊತ್ತಾದ್ರ ಸಾಕು" ಎನ್ನುತ್ತಿದ್ದಳು.

ಒಂದು ದಿನ ಓಣಿಗೆ ಜೀಪು ಬಂತು. ಅಭಿಮಾನಿಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುವವರು, ಕ್ಯಾಮೆರಾ ಹಿಡಿದು ಬಂದಿದ್ದರು. "ಇಲ್ಲಿ ಸಿನಿಮಾ ಹುಚ್ಚಿನ ಹೆಂಗಸೊಬ್ಬರು ಇದ್ದಾರಂತಲ್ಲ? ಚಿತ್ರ ಮುಗಿದ ಮೇಲೆ ಆ ನಟರಿಗೂ ತೋರಿಸ್ತೀವಿ" ಎಂದರು. ಅಕ್ಕ ಹೊಲಿದ ಜಂಪರು ಕೊಡಲು ಕಾನಹೊಸಹಳ್ಳಿಗೆ ಹೋಗಿದ್ದಳು, ಸಂಜೆಯ ಬಸ್ಸಿಗೆ ಬರುವವಳಿದ್ದಳು. ಅಷ್ಟು ಹೇಳಿದ್ದರೆ ಅವರು ಕಾಯುತ್ತಿದ್ದರು. ಅತ್ತೆ ಮನೆಯಲ್ಲಿರಲಿಲ್ಲ. ನನ್ನ ಬಾಯಿಂದ ಬಂದದ್ದು, "ನಾನ ರೀ ಅದು."

ಉಪವಾಸ, ಕಾಯಿ, ಎದ್ದು ಹೋಗುವುದು ಎಲ್ಲವನ್ನೂ ನನ್ನದೇ ಎಂಬಂತೆ ಹೇಳಿದೆ. "ಹೊರಗೆ ಹೋಗಿ ಏನು ಮಾಡ್ತೀರಿ?" ಎಂದು ಕೇಳಿದರು. ಅಯ್ಯೋ ಶಿವನೆ! ಅದನ್ನು ನಾನು ಅಕ್ಕನಿಗೆ ಒಮ್ಮೆಯೂ ಕೇಳಿರಲಿಲ್ಲ.

"ಅಳ್ತೀನ್ರಿ" ಎಂದೆ.

ಕೆಲವು ತಿಂಗಳ ಮೇಲೆ ನಮ್ಮೂರ ಟಾಕೀಸಿನಲ್ಲಿ, ಸಿನಿಮಾಕ್ಕೆ ಮೊದಲು ಆ ಸಾಕ್ಷ್ಯಚಿತ್ರ ತೋರಿಸಿದರು. ನನ್ನ ಪಕ್ಕದಲ್ಲೇ ಅಕ್ಕ ಕೂತಿದ್ದಳು. ಆಕೆಯ ಬದುಕೆಲ್ಲ ಪರದೆಯ ಮೇಲೆ ನನ್ನ ಬಾಯಿಂದ ಬಂತು. ಅದು ಯಾರ ಕಥೆಯೆಂದು ಊರಿಗೆ ಗೊತ್ತಿಲ್ಲವೆಂದಲ್ಲ. ಆದರೂ ಎಲ್ಲರೂ, "ಸಾವ್ಕಾರ್ರ ಸೊಸಿ ಎಷ್ಟು ಚಂದ ಮಾತಾಡ್ಯಾಳ ನೋಡ್ರಿ!" ಎಂದರು. ನನ್ನನ್ನು ಹುಚ್ಚಿ ಎಂದವರು ಒಬ್ಬರೂ ಇಲ್ಲ. ಅತ್ತೆಯಂತೂ ಬೀಗಿದರು.

ಮನೆಗೆ ನಡೆದು ಬರುವಾಗ ಅಕ್ಕ ಬೈಯಲಿ ಎಂದು ಕಾದೆ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ತನ್ನ ಬಾಗಿಲ ಮುಂದೆ ನಿಂತು ಮೆಲ್ಲಗೆ ಹೇಳಿದಳು.

"ಎಲ್ಲಾ ಬರೋಬರಿ ಹೇಳೀದಿ ತಂಗಿ. ಒಂದು ತಪ್ಪೈತಿ. ಹೊರಗ ಹೋಗಿ ನಾ ಅಳ್ತಿದ್ದಿಲ್ಲ. ಅವ ಸತ್ತೇ ಇಲ್ಲ ಅಂದ ಮ್ಯಾಲ ಅಳೂದ್ಯಾಕ?"

ಅಷ್ಟೇ. ಮತ್ತೆಂದೂ ನನ್ನನ್ನು ಸಿನಿಮಾಕ್ಕೆ ಕರೆಯಲಿಲ್ಲ...

ಆ ನಟ ಅದನ್ನು ನೋಡಿದನೋ ಇಲ್ಲವೋ ತಿಳಿಯದು. ನೋಡಿದ್ದರೂ ಅವನು ಕಂಡದ್ದು ನನ್ನ ಮುಖವನ್ನು. ಅಕ್ಕ ತೀರಿಕೊಂಡು ಬಹಳ ವರ್ಷವಾಯಿತು. ತಪ್ಪಾಯಿತು ಎಂದು ಹೇಳಲು ಕೊನೆಗೂ ನನಗೆ ಬಾಯಿ ಬರಲಿಲ್ಲ. ಆಕೆಯ ಮಾತು ಕದ್ದೆ, ಆಸೆ ಕದ್ದೆ, ಆ ಪ್ರೀತಿ ಮಾತ್ರ ನನ್ನ ಕೈಗೆ ಹತ್ತಲಿಲ್ಲ. ಈಗ ಅವನ ಹಳೆಯ ಸಿನಿಮಾಗಳು ಟಿವಿಯಲ್ಲಿ ಬರುತ್ತವೆ. ನನಗೆ ಅವನು ಬೇಕೆನಿಸುವುದಿಲ್ಲ. ಅಕ್ಕ ಬೇಕೆನಿಸುತ್ತಾಳೆ, ಹೊಟ್ಟೆಕಿಚ್ಚು ಪಡುವುದಕ್ಕಾದರೂ.