ಎರಡು ಆವೃತ್ತಿ, ಒಂದೇ ಒಲೆ

ತಾಂಡೂರಿಗೆ ಬಂದ ಮೊದಲ ಬೆಳಿಗ್ಗೆ ನನ್ನನ್ನು ತಬ್ಬಿಬ್ಬು ಮಾಡಿದ್ದು ಕಲ್ಲು. ಗೋಡೆ ಚಪ್ಪಡಿ, ಮಾಳಿಗೆ ಚಪ್ಪಡಿ, ಹೊಲದ ಬೇಲಿಗೂ ಸಾಲಾಗಿ ನಿಲ್ಲಿಸಿದ ಚಪ್ಪಡಿ. ತೆಲುಗು ರಾಜ್ಯದೊಳಗಿನ ಕನ್ನಡದ ಊರು ನಮ್ಮ ಸಿರ್ಗಾಪುರ; ಅಲ್ಲಿನ ಮಣ್ಣಿನ ಗೋಡೆಗೆ ಮೊಳೆ ಎರಡೇಟಿಗೆ ಇಳಿಯುತ್ತದೆ. ಇಲ್ಲಿ ಅಂಗಿ ತೂಗುಹಾಕಲು ಹೊಡೆದೆ, ಮೊಳೆಯೇ ಬಾಗಿತು.

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಟ್ರ್ಯಾಕ್ಟರ್ ರಿಪೇರಿ ಮಾಡಿದೆ, ಆಮೇಲೆ ಜಹೀರಾಬಾದಿನಲ್ಲಿ ಖಾಜಾ ಉಸ್ತಾದರ ಕಂಪ್ಯೂಟರ್ ದುಕಾನಿನಲ್ಲಿ ಕೆಲಸ ಕಲಿತೆ. ಉಸ್ತಾದ ಎಂದರೆ ಕೈಹಿಡಿದು ಕೆಲಸ ಕಲಿಸಿದವರು. ಮಾತಿಗೆ ಮಾತು ಬೆಳೆದು, ನಿಮ್ಮ ಮೆಟ್ಟಿಲು ಮತ್ತೆ ತುಳಿಯುವುದಿಲ್ಲ ಎಂದು ಹೇಳಿ ತಾಂಡೂರಿಗೆ ಬಂದಿದ್ದೆ. ಜಹೀರಾಬಾದಿನಲ್ಲಿ ಉರ್ದು ಬಂದರೆ ದಿನ ಸಾಗುತ್ತಿತ್ತು. ಇಲ್ಲಿ ನಾನು ಸೇರಿದ ಕಂಪ್ಯೂಟರ್ ತರಬೇತಿ ಕೇಂದ್ರದ ಒಡತಿ ಪದ್ಮಾ ಮೇಡಂ ತೆಲುಗಿನಲ್ಲಿ ಬೈದರೆ ನಾನು ಕನ್ನಡ ಬೆರೆಸಿದ ತೆಲುಗಿನಲ್ಲಿ ಉತ್ತರ ಕೊಡಬೇಕು. ಖಾನಾವಳಿಯಲ್ಲಿ ರೊಟ್ಟಿ ಕೇಳಿದರೆ ಅನ್ನ ತಂದಿಡುತ್ತಿದ್ದರು.

ನನ್ನ ಕೆಲಸ ಲ್ಯಾಬ್ ನೋಡಿಕೊಳ್ಳುವುದು. ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರಿನ ಎರಡು ಆವೃತ್ತಿ ಪ್ರತಿ ಕಂಪ್ಯೂಟರಿನಲ್ಲೂ ಇದ್ದವು. ಡಿಗ್ರಿ ಮಕ್ಕಳ ಪರೀಕ್ಷೆಗೆ ಹಳೆಯದು, ಸಲ್ಮಾ ಟೀಚರ್ ಕಲಿಸುವ ನೌಕರಿ ತರಬೇತಿಗೆ ಹೊಸದು. ಟ್ರ್ಯಾಕ್ಟರಿಗೆ ಕುಂಟೆ, ನೇಗಿಲು ಸಿಕ್ಕಿಸುವಂತೆ ಈ ಸಾಫ್ಟ್‌ವೇರಿಗೆ ಸಿಕ್ಕಿಸುವ ಉಪಕರಣಗಳಿಗೆ ಪ್ಲಗಿನ್ ಎನ್ನುತ್ತಾರೆ. ಡಿಸ್ಕಿನಲ್ಲಿ ಜಾಗ ಕಡಿಮೆ. ಊರಲ್ಲಿ ಒಂದೇ ಕೂರಿಗೆಯಿಂದ ನಾಲ್ಕು ಮನೆಯ ಬಿತ್ತನೆ ಆಗುವುದನ್ನು ಕಂಡವನು ನಾನು; ಪ್ಲಗಿನ್ನುಗಳನ್ನೆಲ್ಲ ಒಂದೇ ಫೋಲ್ಡರಿನಲ್ಲಿಟ್ಟು ಎರಡೂ ಆವೃತ್ತಿಗೆ ಅದನ್ನೇ ತೋರಿಸಿದ್ದೆ. ತಿಂಗಳುಗಟ್ಟಲೆ ಸುಸೂತ್ರವಾಗಿ ನಡೆಯಿತು.

ಪ್ರತ್ಯೇಕ ರಾಜ್ಯದ ಹೋರಾಟ ಜೋರಾಗಿದ್ದ ಚಳಿಗಾಲ ಅದು. ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನ ಇರುವಾಗ ಸಲ್ಮಾ ಟೀಚರ್ ಹೊಸ ಆವೃತ್ತಿಯಲ್ಲಿ ಪ್ಲಗಿನ್ನುಗಳನ್ನು ನವೀಕರಿಸಿದರು. ಅವರ ಕೆಲಸ ಅವರು ಮಾಡಿದರು, ತಪ್ಪೇನಿಲ್ಲ. ಆದರೆ ಅದೇ ಫೋಲ್ಡರಿಗೆ ಬಂದು ಕೂತ ಹೊಸ ಪ್ಲಗಿನ್ನುಗಳು ಒಗ್ಗದೆ ಹಳೆಯ ಆವೃತ್ತಿ ತೆರೆದರೆ ತೆರೆದಷ್ಟೇ ಬೇಗ ಮುಚ್ಚಿಕೊಳ್ಳತೊಡಗಿತು. ಹಳೆಯ ಪ್ಲಗಿನ್ನುಗಳನ್ನು ಇಳಿಸಿಕೊಳ್ಳಲು ಹೋದರೆ ಅವು ಇಂಟರ್ನೆಟ್ಟಿನಲ್ಲೇ ಇರಲಿಲ್ಲ.

ಪರೀಕ್ಷೆ ನಿಂತರೆ ಪರೀಕ್ಷಾ ಕೇಂದ್ರದ ಮಾನ್ಯತೆ ಕೈತಪ್ಪುತ್ತದೆ, ಆಗ ಡಿಗ್ರಿ ಓದಿದವನನ್ನು ಇಟ್ಟುಕೊಳ್ಳುತ್ತೇನೆ ಎಂದು ಮೇಡಂ ಶಾಂತವಾಗಿಯೇ ಹೇಳಿದರು.

ಹಳೆಯ ಪ್ಲಗಿನ್ನುಗಳ ಸಿ.ಡಿ. ಇದ್ದದ್ದು ಖಾಜಾ ಉಸ್ತಾದರ ಬಳಿ ಮಾತ್ರ. ಮರುದಿನ ಬಂದ್. ಬಸ್ಸಿಲ್ಲ. ಬೆಳಗಾಗುತ್ತಲೇ ಬೈಕ್ ತೆಗೆದೆ.

ಉಸ್ತಾದರು ಅರ್ಧ ತೆರೆದ ಶಟರಿನ ಕೆಳಗೆ ಚಹಾ ಕುಡಿಯುತ್ತಿದ್ದರು. "ಏನ್ರಿ ತಾಂಡೂರ ಇಂಜಿನಿಯರ ಸಾಹೇಬ್ರ, ನಮ್ಮ ಮೆಟ್ಟಲ ನೆನಪಾತೇನು?"

ತಲೆ ತಗ್ಗಿಸದೆ ಆದದ್ದನ್ನೆಲ್ಲ ಹೇಳಿದೆ. ಅವರು ಚಹಾ ಮುಗಿಸಿದರು.

"ಮನಿ ಎರಡ ಮಾಡಿ ಒಲಿ ಒಂದ ಇಟ್ಟಿ. ಸೊಸಿ ಹೊಸಾ ಸಾಮಾನ ತಂದ್ಳು, ಅತ್ತಿ ಉಪಾಸ ಬಿದ್ಲು. ಬ್ಯಾರೆ ಬ್ಯಾರೆ ಫೋಲ್ಡರ ಮಾಡೋ. ಜಾಗಾ ಹೋದ್ರ ಹೋಗ್ಲಿ."

ಸಿ.ಡಿ. ಕೊಟ್ಟರು. ಮುಖ ನೋಡಲಿಲ್ಲ, ಆದರೆ ನನಗೂ ಒಂದು ಚಹಾ ಹೇಳಿದರು.

ವಾಪಸು ಬರುವಾಗ ರಸ್ತೆಗೆ ಅಡ್ಡ ಮರದ ದಿಮ್ಮಿ. ಡಾಂಬರಿನ ಮೇಲೆಯೇ ಒಲೆ ಹೂಡಿ ಅಡುಗೆ ನಡೆದಿತ್ತು. ಇಲ್ಲಿ ಇದಕ್ಕೆ ವಂಟಾ-ವಾರ್ಪು ಎನ್ನುತ್ತಾರೆ: ಬೇಯಿಸುವುದು, ಬಡಿಸುವುದು, ದಾರಿ ಕಟ್ಟುವುದು. ಒಬ್ಬ ಹ್ಯಾಂಡಲ್ ಹಿಡಿದ. ನನ್ನ ತೆಲುಗು ಕೇಳಿ, ಇವನು ಕರ್ನಾಟಕದವನು, ಬಂದ್ ದಿನವೂ ಕೆಲಸಕ್ಕೆ ಹೊರಟಿದ್ದಾನೆ ಎಂದು ಕೂಗಿದ. ಇನ್ನೊಬ್ಬ ಅಂಗಿಯೊಳಗಿನ ಸಿ.ಡಿ. ಎಳೆದು ಬಿಸಿಲಿಗೆ ಹಿಡಿದ. ಅದು ಮುರಿದರೆ ನನ್ನ ಅನ್ನವೂ ಮುರಿದಂತೆ.

ಸೌಟು ಹಿಡಿದಿದ್ದ ಮುದುಕರೊಬ್ಬರು ಹತ್ತಿರ ಬಂದು ನಮ್ಮ ಕನ್ನಡದಲ್ಲೇ ಕೇಳಿದರು. "ಯಾ ಊರೋ?"

"ಇಲ್ಲೇ ಸಿರ್ಗಾಪುರದಾಂವ್ರಿ."

"ರಾಜ್ಯ ಆತಂದ್ರ ನೀವ್ ಕನ್ನಡದೋರು ಎತ್ತಾಗ ಹೋಗ್ತೀರಿ?"

"ನಮ್ಮ ಹೊಲಾ ಇಲ್ಲೇ ಅದ್ರಿ. ಅದನ್ನ ಹೊತ್ಕೊಂಡು ಎತ್ತಾಗ ಹೋಗ್ಲಿ?"

ಮುದುಕರು ಸಿ.ಡಿ. ಇಸಿದುಕೊಂಡು ನನ್ನ ಕೈಗಿಟ್ಟರು. "ಕುಂದ್ರು. ಉಂಡು ಹೋಗು."

ರಸ್ತೆಯ ಮೇಲೆ ಕುಳಿತು ಅನ್ನ, ತೊಗರಿ ಬೇಳೆಯ ಪಪ್ಪು ಉಂಡೆ. ಎರಡನೇ ಸಲವೂ ಬಡಿಸಿಕೊಂಡೆ.

ಕತ್ತಲಾಗುವ ಮೊದಲೇ ಪ್ರತಿ ಕಂಪ್ಯೂಟರಿನಲ್ಲೂ ಆವೃತ್ತಿಗೊಂದು ಫೋಲ್ಡರ್ ಮಾಡಿ, ಹಳೆಯದಕ್ಕೆ ಹಳೆಯವನ್ನೂ ಹೊಸದಕ್ಕೆ ಹೊಸವನ್ನೂ ಹಾಕಿದೆ. ಜಾಗ ಸಾಲದ ಕಡೆ ಹಳೆಯ ಸಿನಿಮಾ ಹಾಡುಗಳನ್ನು ಅಳಿಸಿದೆ. ಸಲ್ಮಾ ಟೀಚರ್ ಒಂದೊಂದನ್ನೂ ತೆರೆದು ಮುಚ್ಚಿ ನೋಡಿದರು. ಮರುದಿನ ಪರೀಕ್ಷೆ ಶುರುವಾಯಿತು, ಒಂದು ಕಂಪ್ಯೂಟರೂ ನಿಲ್ಲಲಿಲ್ಲ.

ಸಂಜೆ ಮೇಡಂ ಲ್ಯಾಬಿನ ಕೀಲಿ ನನ್ನ ಮುಂದಿಟ್ಟು, ಇನ್ನು ಇದು ನಿನ್ನ ಬಳಿಯೇ ಇರಲಿ, ಪರೀಕ್ಷೆ ಮುಗಿಯುವವರೆಗೆ ತಾಂಡೂರು ಬಿಡಬೇಡ ಎಂದರು. ಅಷ್ಟರಲ್ಲೇ ಎಳ್ಳಮಾವಾಸ್ಯೆ ಬರುವುದಿತ್ತು. ನಮ್ಮ ಊರಲ್ಲಿ ಎಲ್ಲರೂ ಹೊಲಕ್ಕೆ ಹೋಗಿ, ಚರಗ ಎಂದು ಭೂಮಿತಾಯಿಗೆ ಎಡೆ ಚೆಲ್ಲಿ, ಕಾಳು ತರಕಾರಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುವ ದಿನ. ಅಣ್ಣ ಫೋನು ಮಾಡಿ ಯಾವ ಗಾಡಿಗೆ ಬರುತ್ತೀ ಎಂದು ಕೇಳಿದ.

"ಕೀಲಿ ನನ್ನ ಕಡಿ ಅದ ಅಣ್ಣಾ, ಹ್ಯಾಂಗ ಬರ್ಲಿ?" ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಅವನು "ಆತಪಾ. ನಿನ್ನ ಪಾಲಿಂದು ಚರಗಾ ನಾವ ಹೊಲದಾಗ ಚೆಲ್ತೀವಿ" ಎಂದ.